ಮಾತ್ರೆ ಬಿಡುವ ಮುಂಚೆ ಒಂದು ಮಾತು

ಟಿಎಸ್‌ಎಚ್ ರಿಪೋರ್ಟ್ ನಾರ್ಮಲ್ ಬಂತು ಅಂತ ಥೈರಾಯ್ಡ್ ಮಾತ್ರೆ ಬಿಟ್ಟುಬಿಟ್ಟೆಯಂತೆ, ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಥೈರಾಯ್ಡಿಗೆ ಕೆಟ್ಟದ್ದು ಅಂತ ಎಲೆಕೋಸು ತಿನ್ನುವುದನ್ನೂ ಬಿಟ್ಟಿದ್ದೀಯಂತೆ. ಬೇಯಿಸಿದ ಎಲೆಕೋಸನ್ನು ಹಿತಮಿತವಾಗಿ ತಿಂದರೆ ಏನೂ ಆಗುವುದಿಲ್ಲ ಕಣೇ. ಬಿಡಬೇಕಾಗಿಲ್ಲದ್ದನ್ನೂ ಬಿಟ್ಟೆ, ಬಿಡಬಾರದ್ದನ್ನೂ ಬಿಟ್ಟೆ! ವರ್ಷಗಟ್ಟಲೆ ರೋಗಿಗಳಿಗೆ ಇದನ್ನೇ ಹೇಳಿದ ಈ ದೊಡ್ಡಮ್ಮ ಮನೆಮಗಳಿಗೆ ಹೇಳದೆ ಇರುವುದು ಹೇಗೆ?

ರಿಪೋರ್ಟ್ ನಾರ್ಮಲ್ ಬಂದದ್ದೇ ಆ ಮಾತ್ರೆಯಿಂದ. ಬಿಟ್ಟ ಮೇಲೂ ಚೆನ್ನಾಗಿದ್ದೇನೆ ಅನ್ನುತ್ತೀಯಲ್ಲ, ಅದಕ್ಕೂ ಕಾರಣವಿದೆ. ಮಾತ್ರೆಯಲ್ಲಿರುವ ಥೈರಾಕ್ಸಿನ್ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಮೊದಮೊದಲು ಏನೂ ಗೊತ್ತಾಗುವುದಿಲ್ಲ, ಆಮೇಲೆ ಒಂದೊಂದೇ ತೊಂದರೆ ತಲೆಹಾಕುತ್ತದೆ.

ಕುತ್ತಿಗೆಯ ಮುಂಭಾಗದಲ್ಲಿರುವ ಪುಟ್ಟ ಥೈರಾಯ್ಡ್ ಗ್ರಂಥಿ ಮೈಯ ಒಲೆಯ ಉರಿ ಇದ್ದಹಾಗೆ. ಉರಿ ಸಣ್ಣದಾದರೆ ಎಲ್ಲವೂ ನಿಧಾನ. ಎಷ್ಟು ಮಲಗಿದರೂ ಸುಸ್ತು, ಬೇರೆಯವರಿಗೆ ಸೆಖೆಯಾದರೂ ನಿನಗೆ ಚಳಿ, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ, ಮಂಕು ಮನಸ್ಸು. ತೂಕವೂ ಸ್ವಲ್ಪ ಏರುತ್ತದೆ. ಉರಿ ಜೋರಾದರೆ ಎಲ್ಲವೂ ತಿರುಗುಮುರುಗು. ಹೊಟ್ಟೆ ತುಂಬ ತಿಂದರೂ ತೂಕ ಇಳಿಯುತ್ತದೆ, ಎದೆ ಡವಡವ, ಕೈ ನಡುಕ, ಬೆವರು, ನಿದ್ದೆಯಿಲ್ಲ. ಕೆಲವರಿಗೆ ಕಣ್ಣುಗುಡ್ಡೆ ಮುಂದಕ್ಕೆ ಬರುತ್ತದೆ. ನಿನ್ನದು ಮೊದಲನೆಯ ಬಗೆ. ದೇಹದ ರಕ್ಷಣಾವ್ಯವಸ್ಥೆಯೇ ತಪ್ಪು ತಿಳಿದು ಗ್ರಂಥಿಯ ಮೇಲೆ ದಾಳಿ ಮಾಡುತ್ತದೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಬರೆದಿಟ್ಟ ಕಾಯಿಲೆ ಇದೇ. ಹೀಗೆ ಹಾಳಾದ ಗ್ರಂಥಿ ಸಾಮಾನ್ಯವಾಗಿ ಚೇತರಿಸಿಕೊಳ್ಳುವುದಿಲ್ಲ. ಅದು ಕೊಡಲಾಗದ್ದನ್ನು ಮಾತ್ರೆ ಕೊಡುತ್ತದೆ, ಅಷ್ಟೇ. ಅದು ಚಟವೂ ಅಲ್ಲ, ವಿಷವೂ ಅಲ್ಲ.

ಇನ್ನು ನಿಮ್ಮ ಮಾವನವರ ವಿಚಾರ. ಮಂಡಿನೋವಿಗೆ ಯಾರೋ ಕೊಟ್ಟ ಪುಡಿಯನ್ನು ತಿಂಗಳುಗಟ್ಟಲೆ ತಿನ್ನುತ್ತಿದ್ದಾರಂತೆ, ನೋವು ಮಾಯವಂತೆ, ಮುಖ ಗುಂಡಗಾಗಿ ‘ಕಳೆ’ ಬಂದಿದೆಯಂತೆ. ಅದು ಕಳೆಯಲ್ಲಮ್ಮ. ಹೆಸರಿಲ್ಲದ ಇಂಥ ಎಷ್ಟೋ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಮುಖ ಊದುವುದು, ಹೊಟ್ಟೆ ದಪ್ಪವಾಗಿ ಕೈಕಾಲು ಸಣ್ಣಗಾಗುವುದು, ಸ್ವಲ್ಪ ತಾಗಿದರೂ ಚರ್ಮ ಕಂದುವುದು, ಕುಕ್ಕರಗಾಲಲ್ಲಿ ಕೂತರೆ ಏಳಲಾಗದಿರುವುದು, ಶುಗರ್ ಮತ್ತು ಬಿಪಿ ಏರುವುದು, ಮೂಳೆ ಸವೆಯುವುದು, ಎಲ್ಲ ಅದರ ಲಕ್ಷಣಗಳೇ.

ಇದನ್ನು ಓದಿದ ಕೂಡಲೇ ಆ ಪುಡಿಯನ್ನು ಕಸದಬುಟ್ಟಿಗೆ ಎಸೆದುಬಿಡಬೇಡ! ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಗ್ರಂಥಿಗಳಿವೆ. ರಕ್ತದೊತ್ತಡ ಬೀಳದಂತೆ, ಸಕ್ಕರೆ ಇಳಿಯದಂತೆ ಕಾಯುವ ಕಾರ್ಟಿಸಾಲ್ ಬರುವುದು ಅಲ್ಲಿಂದ. ಜ್ವರವೋ ಆಪರೇಷನ್ನೋ ಆದರೆ ಅವು ಇನ್ನೂ ಹೆಚ್ಚು ಕಾರ್ಟಿಸಾಲ್ ಸುರಿಸಿ ಜೀವ ಹಿಡಿಯುತ್ತವೆ. ಮೂರ್ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ಹೊರಗಿನಿಂದ ಬಂದರೆ ಈ ಗ್ರಂಥಿಗಳು ಸೊರಗಿ ಕೆಲಸ ನಿಲ್ಲಿಸಬಹುದು. ಅಂಥ ಹೊತ್ತಿನಲ್ಲಿ ಪುಡಿಯನ್ನು ಥಟ್ಟನೆ ನಿಲ್ಲಿಸಿದರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ವಾಂತಿ, ಹೊಟ್ಟೆನೋವು, ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು. ಪ್ರಾಣಕ್ಕೇ ಕುತ್ತು ಬರಬಹುದು. ಪೊಟ್ಟಣದ ಸಮೇತ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗು. ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ಡಾಕ್ಟರ ಕೆಲಸ.

ಸ್ಟೀರಾಯ್ಡ್ ತಿನ್ನದಿದ್ದರೂ ಅಡ್ರಿನಲ್ ಗ್ರಂಥಿ ಕೆಡುವುದುಂಟು. ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ವಿವರಿಸಿದಾಗ ಅದರ ದೊಡ್ಡ ಕಾರಣ ಕ್ಷಯ. ನಮ್ಮಲ್ಲಿ ಇಂದಿಗೂ ಅದು ಒಂದು ಕಾರಣ. ತೂಕ ಇಳಿಯುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ, ಉಪ್ಪು ತಿನ್ನುವ ಆಸೆ ಹೆಚ್ಚುತ್ತದೆ, ಅಂಗೈ ಗೆರೆ ಮತ್ತು ವಸಡು ಕಪ್ಪಾಗುತ್ತವೆ. ಸುಸ್ತಂತೂ ಇದ್ದೇ ಇರುತ್ತದೆ. ಸುಸ್ತು ಎಂದ ಕೂಡಲೇ ಪಕ್ಕದ ಮನೆಯವರ ಥೈರಾಯ್ಡ್ ಮಾತ್ರೆ ನುಂಗುವವರನ್ನು ಕಂಡರೆ ನನಗೆ ಭಯ. ಅಡ್ರಿನಲ್ ಸೋತವರು ಥೈರಾಕ್ಸಿನ್ ಒಂದನ್ನೇ ಶುರುಮಾಡಿದರೆ, ಇರುವ ಚೂರುಪಾರು ಕಾರ್ಟಿಸಾಲ್ ಬೇಗ ಖರ್ಚಾಗಿ ಸ್ಥಿತಿ ವಿಷಮಿಸುತ್ತದೆ. ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರಲ್ಲಿ ಥೈರಾಕ್ಸಿನ್ ಬೇರ್ಪಡಿಸಿದವರು. ಮುಂದೆ ಅಡ್ರಿನಲ್ ಹಾರ್ಮೋನುಗಳ ಸಂಶೋಧನೆಗೆ 1950ರ ನೊಬೆಲ್ ಹಂಚಿಕೊಂಡವರೂ ಅವರೇ. ಎರಡು ಗ್ರಂಥಿಗಳನ್ನೂ ಒಬ್ಬರೇ ಅಭ್ಯಾಸ ಮಾಡಿದ್ದು ಬರಿಯ ಕಾಕತಾಳೀಯವಿರಬಹುದು, ಆದರೆ ದೇಹದಲ್ಲಿ ಅವೆರಡರ ನಂಟು ಮಾತ್ರ ದಿಟ.

ಈಗ ನಿನ್ನ ಕೆಲಸ ಕೇಳು. ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಕಾಫಿ ಕಡೇಪಕ್ಷ ಅರ್ಧ ಗಂಟೆಯ ಮೇಲೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಡೋಸ್ ಬದಲಾದರೆ 6ರಿಂದ 8 ವಾರಕ್ಕೆ ರಕ್ತಪರೀಕ್ಷೆ. ಗರ್ಭಿಣಿಯಾದರೆ ತಿಳಿದ ದಿನವೇ ಡಾಕ್ಟರಿಗೆ ಹೇಳು. ಮೊದಲ ತಿಂಗಳುಗಳಲ್ಲಿ ಕೂಸಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನಿನಿಂದಲೇ, ಆಗ ಡೋಸ್ ಸಾಮಾನ್ಯವಾಗಿ ಏರಿಸಬೇಕಾಗುತ್ತದೆ.

ಹಾರ್ಮೋನಿನ ಮಾತ್ರೆಯನ್ನು ನಾವಾಗಿ ಶುರುಮಾಡಲೂ ಬಾರದು, ನಾವಾಗಿ ಬಿಡಲೂ ಬಾರದು. ನಾಳೆಯೇ ಡಾಕ್ಟರನ್ನು ಕಂಡು, ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ, ಮತ್ತೆ ಶುರುಮಾಡು. ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಮ್ಮ.