ನೆರೆ ತೋಟದ ನಾಯಿಯೊಡನೆ ಸಲಿಗೆ

ತ್ರೀ-ಫೇಸ್ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬರುವ ಊರುಗಳಲ್ಲಿ ನೀರು ಕಟ್ಟಲು ಹೊತ್ತಲ್ಲದ ಹೊತ್ತಿನಲ್ಲಿ ತೋಟಕ್ಕೆ ಹೋಗಬೇಕಾಗುತ್ತದೆ. ಅನೇಕ ಕಡೆ ದಾರಿ ನೆರೆಯವರ ಬದುವಿನ ಮೇಲೆಯೇ ಇರುತ್ತದೆ. ಅಲ್ಲಿ ಕಾವಲು ನಾಯಿ ಇದ್ದರೆ, ನಾಯಿಗೆ ಅಂಜುವ ರೈತನಿಗೆ ನೀರಿನ ಸರದಿಯೇ ತಪ್ಪಿಹೋಗುವುದುಂಟು. ಕೆಲವರು ಅರ್ಧ ಮೈಲಿ ಬಳಸಿ ಹೋಗುತ್ತಾರೆ. ಕೆಲವರು ಜೇಬಿನಲ್ಲಿ ಕಲ್ಲು ಇಟ್ಟುಕೊಳ್ಳುತ್ತಾರೆ. ಕಲ್ಲೇಟು ತಿಂದ ನಾಯಿ ಮರುದಿನ ದೂರದಿಂದಲೇ ಗುರುತು ಹಿಡಿಯುತ್ತದೆ. ನೆರೆಯವರ ಮನಸ್ಸೂ ಕೆಡುತ್ತದೆ. ಆ ನಾಯಿಯೊಡನೆ ಸ್ನೇಹ ಬೆಳೆಸುವುದೇ ಲೇಸು.

ದೊಡ್ಡವರಾದ ಮೇಲೆ ಈ ಅಂಜಿಕೆ ಹೋಗುವುದಿಲ್ಲವೆಂಬ ಭಾವನೆ ತಪ್ಪು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಅವರು 1924ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಮೂರು ವರ್ಷ ತುಂಬದ ಪೀಟರ್ ಎಂಬ ಮಗು ಮೊಲಕ್ಕೆ ಅಂಜುತ್ತಿತ್ತು. ಮಗು ತನಗೆ ಇಷ್ಟವಾದ ತಿಂಡಿ ತಿನ್ನುವಾಗ ಮೊಲವನ್ನು ಪಂಜರದಲ್ಲಿ ದೂರದಲ್ಲಿಟ್ಟು, ಮಗು ತಾಳುವಷ್ಟು ಮಾತ್ರ ಹತ್ತಿರ ತರುತ್ತ ಹೋದರು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿಸಿತು. ನಮ್ಮ ರೈತರಿಗೆ ಇದು ಹೊಸದೇನಲ್ಲ. ಎಳೆ ಹೋರಿಗೆ ಮೊದಲ ದಿನವೇ ಯಾರೂ ತುಂಬಿದ ಗಾಡಿ ಹೂಡುವುದಿಲ್ಲ.

ಆರಂಭಿಸುವ ಕ್ರಮ

ಮೊದಲು ನಾಯಿಯ ಒಡೆಯರಿಗೆ ವಿಷಯ ತಿಳಿಸಿರಿ. ಇದರಲ್ಲಿ ಸಂಕೋಚ ಬೇಡ. ಭೇಟಿ ಹಗಲಿನಲ್ಲಿ, ಅವರ ಸಮಕ್ಷಮದಲ್ಲಿಯೇ ಆಗಬೇಕು. ಸರಪಳಿಯಲ್ಲಿ ಕಟ್ಟಿದ ನಾಯಿಯ ಬಳಿ ಹೋಗುವುದು ಕ್ಷೇಮವೆಂದು ಹಲವರು ತಿಳಿದಿದ್ದಾರೆ. ಕಟ್ಟಿದ ನಾಯಿಗೆ ಹಿಂದೆ ಸರಿಯಲು ಎಡೆಯಿಲ್ಲ. ಆದ್ದರಿಂದ ಅದು ಬೇಗ ಕಚ್ಚಬಹುದು. ತೋಟದ ಬೇಲಿಯ ಹೊರಗೆ, ಒಡೆಯರು ಹಗ್ಗದಲ್ಲಿ ಹಿಡಿದುಕೊಂಡಿರುವಾಗ ನೋಡುವುದು ಉತ್ತಮ.

ನಿಮ್ಮ ಎದೆ ಬಡಿದುಕೊಳ್ಳದಷ್ಟು ದೂರದಲ್ಲಿ ನಿಲ್ಲಿರಿ, ಅದು 40 ಅಡಿಯಾದರೂ ಸರಿಯೇ. ನಾಯಿಯ ಕಡೆ ನೋಡದೆ ಒಡೆಯರೊಡನೆ ಬೆಳೆ, ಮಳೆಯ ಮಾತಾಡಿ ಹಿಂದಿರುಗಿರಿ. ನಾಲ್ಕಾರು ದಿನ ಹೀಗೆ ಕಳೆದ ಬಳಿಕ ಐದು ಹೆಜ್ಜೆ ಹತ್ತಿರ ಹೋಗಬಹುದು. ಯಾವ ದಿನ ಮೈ ನಡುಗುವುದೋ ಅಂದು ಹಿಂದಿನ ದೂರಕ್ಕೇ ಸರಿಯತಕ್ಕದ್ದು. ಎದುರುಬದುರು ನಿಲ್ಲುವುದಕ್ಕಿಂತ ಒಡೆಯರು, ನಾಯಿ ಮತ್ತು ನೀವು ಒಂದೇ ದಿಕ್ಕಿಗೆ ಅಕ್ಕಪಕ್ಕದಲ್ಲಿ ನಡೆಯುವುದು ಹೆಚ್ಚು ಫಲಕಾರಿ. ಇದಕ್ಕೆ ಒಂದು ವಾರವೋ ಎರಡು ತಿಂಗಳೋ ಹಿಡಿಯಬಹುದು. ಅವಸರ ಮಾಡಿದರೆ ಆದ ಕೆಲಸವೂ ಕೆಡುತ್ತದೆ.

ನಾಯಿಯ ಮೈಭಾಷೆ

ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಅದು ಸ್ನೇಹವೆನ್ನಲಾಗದು. ಇಡೀ ಹಿಂಭಾಗವೇ ತೊನೆಯುವಂತೆ ಬಾಲ ಸಡಿಲವಾಗಿ ಆಡಿದರೆ ಒಳ್ಳೆಯದು. ಬಾಲ ನೆಟ್ಟಗೆ ಮೇಲೆದ್ದು ಬಿಗಿಯಾಗಿ ಸಣ್ಣಗೆ ಆಡುತ್ತಿದ್ದು, ಮೈ ಸೆಟೆದಿದ್ದರೆ ಮುಂದಡಿ ಇಡಬೇಡಿ. ಕಿವಿ ಹಿಂದಕ್ಕೆ ಒತ್ತಿ, ಬಾಲ ಕಾಲ ಸಂದಿಗೆ ಸೇರಿಸಿ, ಕಣ್ಣಿನ ಬಿಳಿ ತೋರಿಸುವ ನಾಯಿ ಅಂಜಿದೆ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ಪದೇ ಪದೇ ತುಟಿ ನೆಕ್ಕಿಕೊಳ್ಳುವುದು ಇವೂ ಕಸಿವಿಸಿಯ ಗುರುತುಗಳೇ. ಅಂಜಿದ ನಾಯಿಯೂ ಕಚ್ಚುತ್ತದೆ. ಇದನ್ನು ಬಲ್ಲವನಿಗೆ ನಾಯಿಯ ಭಯ ಅರ್ಧ ಇಳಿಯುತ್ತದೆ, ಏಕೆಂದರೆ ಅವನ ಎದುರಿಗಿರುವುದು ಅರ್ಥವಾಗದ ಪ್ರಾಣಿಯಲ್ಲ.

ಮುಟ್ಟುವ ಹಂತ ಬಂದಾಗ ನಾಯಿಯೇ ಬಳಿಗೆ ಬರಲಿ. ಓರೆಯಾಗಿ ನಿಂತು, ಕೈಯನ್ನು ಪಕ್ಕದಲ್ಲಿ ಇಳಿಬಿಟ್ಟು ಮೂಸಲು ಬಿಡಿ. ಕಣ್ಣಿಟ್ಟು ದಿಟ್ಟಿಸುವುದು, ಮೇಲೆ ಬಾಗುವುದು, ತಲೆಯ ಮೇಲಿನಿಂದ ಕೈ ತರುವುದು ಕೂಡದು. ಎದೆಯ ಮೇಲೋ ಗದ್ದದ ಕೆಳಗೋ ಎರಡು ಕ್ಷಣ ಕೆರೆದು ನಿಲ್ಲಿಸಿರಿ. ಮತ್ತೆ ಮೈ ಒಡ್ಡಿದರೆ ಅದು ಒಪ್ಪಿದೆ ಎಂದರ್ಥ.

ತಿಂಡಿ ಹಾಕಿ ಒಲಿಸಿಕೊಳ್ಳುವುದು ಸುಲಭವಾದರೂ ಒಡೆಯರ ಅಪ್ಪಣೆ ಇಲ್ಲದೆ ಹಾಕಬಾರದು. ಕಂಡವರ ಕೈಯಿಂದ ತಿನ್ನುವ ನಾಯಿ ಕಳ್ಳನ ಕೈಯಿಂದಲೂ ತಿನ್ನುತ್ತದೆ! ಒಪ್ಪಿದರೆ ಒಡೆಯರ ಎದುರಿನಲ್ಲೇ ರಾಗಿಮುದ್ದೆಯ ಇಲ್ಲವೆ ರೊಟ್ಟಿಯ ತುಣುಕು ಸಾಕು. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೆ ಚುಚ್ಚುವುದರಿಂದ ಅದು ಬೇಡ.

ಹಗಲಿನ ಪರಿಚಯ ಕತ್ತಲಲ್ಲಿ ತಾನಾಗಿಯೇ ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಹೋಗುವಾಗ ದೂರದಿಂದಲೇ ನಾಯಿಯ ಹೆಸರು ಕರೆದು ಮಾತಾಡುತ್ತ ಹೋಗಿರಿ. ಬ್ಯಾಟರಿ ಬೆಳಕು ನೆಲಕ್ಕೆ ಬೀಳಲಿ, ಅದರ ಕಣ್ಣಿಗಲ್ಲ. ಅಟ್ಟಿ ಬಂದರೆ ಓಡದೆ ಕೈ ಮಡಚಿ ನಿಂತು, ನಿಧಾನವಾಗಿ ಹಿಂದೆ ಸರಿಯಿರಿ.

ಮರಿ ಹಾಕಿದ ನಾಯಿ, ಉಣ್ಣುತ್ತಿರುವ ನಾಯಿ, ಗೊಬ್ಬರಕ್ಕಾಗಿ ಹೊಲದಲ್ಲಿ ನಿಲ್ಲಿಸಿದ ಕುರಿಮಂದೆಯ ನಾಯಿ ಇವುಗಳಿಗೆ ಈ ಕ್ರಮ ಸಲ್ಲದು. ಮಂದೆಯ ಬಳಿ ಹೋಗಬೇಕಾದಾಗ ಕುರಿಗಾರರನ್ನು ದೂರದಿಂದಲೇ ಕೂಗಿ ಕರೆಯಿರಿ.

ಕಚ್ಚಿದರೆ

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಮೆಣಸಿನಪುಡಿ, ಸುಣ್ಣ, ಅರಿಶಿನ ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ದಿನಗಳಂದು ತಪ್ಪದೆ ಲಸಿಕೆ ಹಾಕಿಸಿಕೊಳ್ಳಿ. ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ರಲ್ಲಿಯೇ ನಿಂತಿದೆ; ಈಗ ತೋಳಿಗೆ ಹಾಕುತ್ತಾರೆ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ.

ನಾಯಿಮರಿಗೆ ಮೂರು ತಿಂಗಳಾದಾಗ ಮೊದಲ ಬಾರಿ, ಅನಂತರ ಪಶುವೈದ್ಯರ ಸಲಹೆಯಂತೆ ವರ್ಷಕ್ಕೊಮ್ಮೆ ಈ ರೋಗದ ಲಸಿಕೆ ಹಾಕಿಸಬೇಕು. ದಾರಿ ಬಳಸುವ ನೀವೂ ಒಡೆಯರ ಜೊತೆ ಪಶು ಆಸ್ಪತ್ರೆಗೆ ಹೋಗಿ ಬರಬಹುದು. ಸೂಜಿ ಚುಚ್ಚುವಾಗ ನಾಯಿಯನ್ನು ಹಿಡಿಯುವ ಕೆಲಸ ಮಾತ್ರ ಒಡೆಯರದೇ ಇರಲಿ.