ಮಗುವಿನ ಹೊಟ್ಟೆನೋವು: ಮನೆಯಲ್ಲಿ ನೋಡಬೇಕಾದ ಗುರುತುಗಳು



ಎತ್ತು ಮೇವು ಬಿಟ್ಟರೆ ನೀವು ಕೂಡಲೇ ಮದ್ದು ಕುಡಿಸುವುದಿಲ್ಲ. ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ, ಹೊಟ್ಟೆ ಉಬ್ಬಿದೆಯೇ ಎಂದು ಮೊದಲು ನೋಡುತ್ತೀರಿ. ಮಗು ಹೊಟ್ಟೆನೋವೆಂದು ಅತ್ತಾಗಲೂ ಇದೇ ಕ್ರಮ ಬೇಕು. ಹರಳೆಣ್ಣೆಯ ಸೀಸೆಗೆ ಕೈ ಹಾಕುವ ಮುಂಚೆ ಈ ನಾಲ್ಕನ್ನು ಗಮನಿಸಿರಿ.

1. ನೋವಿನ ಜಾಗ: ಒಂದೇ ಬೆರಳಿನಿಂದ ತೋರಿಸಲು ಹೇಳಿರಿ. ನೋವು ಹೊಕ್ಕುಳ ಸುತ್ತ ಬಂದು ಹೋಗುತ್ತಿದ್ದು, ನಡುವೆ ಮಗು ಉಣ್ಣುತ್ತ ಆಡುತ್ತ ಇದ್ದರೆ ಸಾಮಾನ್ಯವಾಗಿ ಭಯವಿಲ್ಲ. ಮಲಬದ್ಧತೆ ಯಾ ಜಂತುಹುಳು ಇರಬಹುದು. ಹೊಕ್ಕುಳ ಬಳಿ ಹುಟ್ಟಿದ ನೋವು ಬಲಗಡೆಯ ಕಿಬ್ಬೊಟ್ಟೆಗೆ ಇಳಿದು ನಿಂತು, ನಡೆದರೆ, ಕೆಮ್ಮಿದರೆ ಹೆಚ್ಚುತ್ತಿದ್ದರೆ ಅಪೆಂಡಿಕ್ಸ್ ಊದಿರುವ ಸಂಭವವುಂಟು. ಆಗ ಭೇದಿಯ ಔಷಧ ಕೊಡಕೂಡದು. ಅದು ಒಳಗೇ ಒಡೆದು ಪ್ರಾಣಕ್ಕೆ ಬರಬಹುದು. ತೀರ ಚಿಕ್ಕ ಮಕ್ಕಳಲ್ಲಿ ಈ ಗುರುತು ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಬಿಡದ ನೋವಿದ್ದರೆ ಕಾಯಬೇಡಿರಿ.

2. ವಾಂತಿ: ಹಸಿರು ಬಣ್ಣದ ವಾಂತಿ ಕರುಳು ಕಟ್ಟಿದ್ದರ ಗುರುತಾಗಿರಬಹುದು. ಒಂದು ಸಲವಾದರೂ ಸಾಕು, ಹೊರಡಿರಿ.

3. ಮಲ: ಎರಡು ವರ್ಷದೊಳಗಿನ ಕೂಸು ಬಿಟ್ಟು ಬಿಟ್ಟು ಕಿರುಚಿ, ಕಾಲು ಮಡಚಿಕೊಂಡು, ರಕ್ತ ಬೆರೆತ ಲೋಳೆ ಹೋದರೆ, ಕರುಳಿನೊಳಗೆ ಕರುಳು ಸೇರಿಕೊಂಡಿರಬಹುದು. ಬರೀ ನೀರುಭೇದಿಯಾದರೆ ಓ.ಆರ್.ಎಸ್. ನೀರನ್ನು ಗುಟುಕು ಗುಟುಕಾಗಿ ಕುಡಿಸಿರಿ.

4. ಹೊಟ್ಟೆಯ ಹೊರಗೆ: ಹುಡುಗನಾದರೆ ಚಡ್ಡಿ ಬಿಚ್ಚಿಸಿ ನೋಡಿರಿ. ಬೀಜ ತಿರುಚಿಕೊಂಡರೂ ಹೊಟ್ಟೆನೋವೆಂದೇ ಹೇಳುತ್ತಾನೆ, ನಾಚಿಕೆಯಿಂದ ಮುಚ್ಚಿಡುತ್ತಾನೆ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಅದು ಕೆಡುವ ಭಯವುಂಟು. ಹೊಲದಿಂದ ಬಂದ ಮಗು ಜೊಲ್ಲು ಸುರಿಸಿ, ಬೆವರಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅದು ಕೀಟನಾಶಕದ ವಿಷ. ಔಷಧದ ಡಬ್ಬಿಯ ಚೀಟಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಇಂಥ ಅಪಾಯದ ಗುರುತು ಯಾವುದು ಕಂಡರೂ, ಅಥವಾ ಹೊಟ್ಟೆ ಹಲಗೆಯಂತೆ ಬಿಗಿದಿದ್ದರೂ, 108ಕ್ಕೆ ಫೋನು ಮಾಡಿರಿ. ಹೊಟ್ಟೆಗೆ ಬರೆ ಹಾಕಿಸುವುದು, ನೀವಿಸುವುದು ಬೇಡ. ಬರೆ ನೋವನ್ನು ತೆಗೆಯದು. ಗಾಯ ಮಾಡಿ ಹೊತ್ತನ್ನು ಮಾತ್ರ ಕಳೆಯುತ್ತದೆ.

ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಜಂತುಹುಳು ಮಾತ್ರೆಯನ್ನು ತಪ್ಪಿಸಬೇಡಿರಿ.

ನೋವು ಎಷ್ಟು ಹೊತ್ತಿಗೆ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಸರಿಯಿತು, ವಾಂತಿ ಯಾವ ಬಣ್ಣ, ಮಲ ಹೇಗಿತ್ತು, ಏನು ತಿಂದಿತ್ತು: ಇಷ್ಟನ್ನು ನೀವು ಸರಿಯಾಗಿ ಹೇಳಿದರೆ ವೈದ್ಯರ ಅರ್ಧ ಕೆಲಸ ಆದಂತೆಯೇ.