ಹೊಲ ಕಾಯುವವರು ರಾತ್ರಿ ದೀಪ ಹಿಡಿದು ನರಿಯನ್ನು ಹೊಡೆಯುವ ವಿಚಾರ

ಮೈಸೂರು ನಗರದ ಸುತ್ತಣ ಗ್ರಾಮಗಳಲ್ಲಿ ಕಬ್ಬು, ಮುಸುಕಿನ ಜೋಳ, ಕಡಲೆಕಾಯಿ ಮೊದಲಾದ ಪೈರುಗಳು ಬಲಿಯುವ ಕಾಲಕ್ಕೆ ಬೇಸಾಯಗಾರರು ರಾತ್ರಿಯ ಹೊತ್ತು ಹೊಲ ಕಾಯುವುದು ಹಿಂದಿನಿಂದ ನಡೆದುಬಂದಿರುವ ಕೆಲಸ. ಒಬ್ಬನೇ ಕಾಯುವುದು ಬೇಸರವೂ ಅಪಾಯವೂ ಆದುದರಿಂದ ನೆರೆಹೊಲದವನನ್ನೋ ಗೆಳೆಯನನ್ನೋ ಜೊತೆಗೆ ಕರೆದುಕೊಳ್ಳುವುದು ವಾಡಿಕೆ. ಹಿಂದೆ ಇವರ ಕೈಯಲ್ಲಿರುತ್ತಿದ್ದುದು ಲಾಂದ್ರ, ತಮಟೆ, ಕವಣೆ ಇಷ್ಟೇ. ಈಗ ಬಹುದೂರಕ್ಕೆ ಬೆಳಕು ಚೆಲ್ಲುವ ಬ್ಯಾಟರಿ ದೀಪಗಳು ಅಗ್ಗವಾಗಿ ದೊರೆಯುತ್ತವೆ. ಒಬ್ಬನು ದೀಪ ಹಿಡಿದರೆ ಇನ್ನೊಬ್ಬನು ಹೊಳೆಯುವ ಕಣ್ಣಿಗೆ ಗುರಿಯಿಟ್ಟು ಈಡು ಹಾರಿಸಬಹುದಲ್ಲವೆ, ನರಿಯ ಕಾಟ ತೀರಿತಲ್ಲವೆ, ಎಂಬ ಯೋಚನೆ ಕೆಲವರಿಗೆ ಬರುವುದುಂಟು. ಈ ಉಪಾಯದಿಂದ ಪೈರು ಉಳಿಯುವುದೋ ಇಲ್ಲವೋ ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಕಣ್ಣಿನ ಸಂಗತಿ. ದನ, ಎಮ್ಮೆ, ಕುರಿ, ಮೇಕೆ, ನಾಯಿ, ಬೆಕ್ಕು, ನರಿ, ಚಿರತೆ, ಜಿಂಕೆ, ಇವುಗಳ ಕಣ್ಣಿನ ಒಳಗೋಡೆಯ ಹಿಂದೆ ಕನ್ನಡಿಯಂಥ ಒಂದು ಪೊರೆಯಿರುತ್ತದೆ. ಕಣ್ಣಿನೊಳಕ್ಕೆ ಹೋದ ಬೆಳಕನ್ನು ಅದು ತಿರುಗಿ ಹೊರಕ್ಕೆ ಎಸೆಯುತ್ತದೆ. ಇದರಿಂದ ಆ ಪ್ರಾಣಿಗೆ ಮಬ್ಬಿನಲ್ಲಿಯೂ ಚೆನ್ನಾಗಿ ಕಾಣುತ್ತದೆ. ದೀಪ ಹಿಡಿದವನಿಗೆ ಅದರ ಕಣ್ಣುಗಳು ಎರಡು ಕಿಡಿಗಳಂತೆ ತೋರುತ್ತವೆ. ಮನುಷ್ಯನ ಕಣ್ಣಿನಲ್ಲಿ ಈ ಪೊರೆ ಇಲ್ಲ. ಹಂದಿಯ ಕಣ್ಣಿನಲ್ಲಿಯೂ ಇಲ್ಲ. ಇದನ್ನು ನಂಬದವರು ರಾತ್ರಿ ತಮ್ಮ ಕೊಟ್ಟಿಗೆಯಲ್ಲಿಯೇ ಪರೀಕ್ಷೆ ಮಾಡಿ ನೋಡಬಹುದು. ಬಾಗಿಲಲ್ಲಿ ನಿಂತು ದೀಪ ಹಾಯಿಸಿದರೆ ಹಸುವಿನ ಕಣ್ಣು, ಕಾವಲು ನಾಯಿಯ ಕಣ್ಣು, ಗೋಡೆಯ ಮೇಲಣ ಬೆಕ್ಕಿನ ಕಣ್ಣು ಹೊಳೆಯುತ್ತವೆ. ಹಸುವಿನ ಪಕ್ಕದಲ್ಲಿ ನಿಂತ ಹುಡುಗನ ಕಣ್ಣು ಹಾಗೆ ಹೊಳೆಯುವುದಿಲ್ಲ.

ಇದರಿಂದ ಏನಾಯಿತು? ಮೈಸೂರು ಸೀಮೆಯ ಹೊಲಗಳಲ್ಲಿ ಒಂದೇ ರಾತ್ರಿಯಲ್ಲಿ ಪೈರನ್ನು ನೆಲಸಮ ಮಾಡುವುದು ಕಾಡುಹಂದಿ. ಆದರೆ ದೀಪಕ್ಕೆ ಹೊಳೆದು ಸಿಕ್ಕಿಬೀಳುವುದು ನರಿ. ಹಂದಿಯ ಹಿಂಡು ಹತ್ತು ಮಾರು ಆಚೆ ಕತ್ತಲೆಯ ಮುದ್ದೆಯಂತೆ ನಿಂತಿದ್ದರೂ ಕಿಡಿ ಕಾಣದೆ ದೀಪವು ಅದರ ಮೇಲೆ ಹಾಯ್ದು ಹೋಗಬಹುದು. ಹೊಡೆದವನು ನರಿಯ ಹೆಣವನ್ನು ಕಂಡು ಪೈರಿನ ಕಳ್ಳನು ಸತ್ತನೆಂದು ಮನೆಗೆ ಹೋಗಿ ಮಲಗುತ್ತಾನೆ. ಮಾರನೆಯ ರಾತ್ರಿ ಹೊಲ ಮತ್ತೆ ಹಾಳಾಗುತ್ತದೆ.

ಆದುದರಿಂದ ಕಳ್ಳನನ್ನು ಗುರುತಿಸುವುದು ರಾತ್ರಿಯ ಕೆಲಸವಲ್ಲ, ಬೆಳಗಿನ ಕೆಲಸ. ಇಬ್ಬನಿ ಆರುವ ಮೊದಲೇ ಹೊಲವನ್ನು ಒಂದು ಸುತ್ತು ಬರತಕ್ಕದ್ದು. ಹಂದಿ ಬಂದಿದ್ದರೆ ನೆಲವು ಮೂತಿಯಿಂದ ಉತ್ತಂತೆ ಕೆದರಿರುತ್ತದೆ. ತಿಂದುದಕ್ಕಿಂತ ತುಳಿದುದೇ ಹೆಚ್ಚಾಗಿರುತ್ತದೆ. ಜೋಳದ ದಂಟುಗಳು ಒಂದು ಕಡೆಗೆ ಮುರಿದು ಬಿದ್ದಿರುತ್ತವೆ. ಕೆಸರಿನಲ್ಲಿ ಎರಡು ಗೊರಸಿನ ಹೆಜ್ಜೆಯೂ, ಅನೇಕ ವೇಳೆ ಅದರ ಹಿಂದೆ ಎರಡು ಚಿಕ್ಕ ಗುರುತುಗಳೂ ಕಾಣುತ್ತವೆ. ನರಿ ಬಂದಿದ್ದರೆ ನಾಯಿಯ ಹೆಜ್ಜೆಯಂತೆ ನಾಲ್ಕು ಬೆರಳು, ಉಗುರಿನ ಗುರುತು; ಅಲ್ಲೊಂದು ಇಲ್ಲೊಂದು ಕಬ್ಬಿನ ಜಲ್ಲೆ ಬುಡದಲ್ಲಿ ಅಗಿದಿರುತ್ತದೆ, ಕಡಲೆಕಾಯಿಯ ಕೆಲವು ಗಿಡಗಳು ಬಗೆದಿರುತ್ತವೆ, ಕಲ್ಲಂಗಡಿ ತೂತಾಗಿರುತ್ತದೆ. ನರಿಯು ಪೈರನ್ನು ಮುಟ್ಟುವುದೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದೆ ಕಾಫಿಯ ತೋಟಗಳಲ್ಲಿ ಅದು ಮಾಗಿದ ಹಣ್ಣುಗಳನ್ನೇ ಆರಿಸಿ ತಿಂದು, ಬೀಜವನ್ನು ಹಿಕ್ಕೆಯಲ್ಲಿ ಬಿಡುತ್ತಿದ್ದುದನ್ನು ಕೂಲಿಯಾಳುಗಳು ಆಯ್ದು ತರುತ್ತಿದ್ದರಂತೆ! ಮೂರನೆಯ ಕಳ್ಳನೊಬ್ಬನಿದ್ದಾನೆ. ತೆನೆ ಕಟ್ಟುವ ಬತ್ತದ ಕಡ್ಡಿಗಳು ಬುಡದಲ್ಲಿ ಓರೆಯಾಗಿ ಕತ್ತರಿಸಿದ್ದರೆ, ಬದುವಿನಲ್ಲಿ ಹೊಸಮಣ್ಣಿನ ಗುಪ್ಪೆಗಳಿದ್ದರೆ, ಅದು ಇಲಿ ಹೆಗ್ಗಣಗಳ ಕೆಲಸ. ಇವುಗಳಿಗೆ ದೀಪವೂ ಬೇಡ, ಬಂದೂಕೂ ಬೇಡ. ಇವುಗಳ ಶತ್ರು ನರಿಯೇ.

ನರಿ ಎಂಬ ಒಂದೇ ಹೆಸರಿನಿಂದ ಈ ಸೀಮೆಯ ಜನರು ಎರಡು ಪ್ರಾಣಿಗಳನ್ನು ಕರೆಯುತ್ತಾರೆ. ಸಂಜೆ ಗುಂಪುಗೂಡಿ ಊಳಿಡುವುದು ಗುಳ್ಳೆನರಿ. ಬೆಳೆದದ್ದು ಸುಮಾರು 8ರಿಂದ 10 ಕಿಲೋಗ್ರಾಂ ತೂಗುತ್ತದೆ. ಕಬ್ಬಿನ ಗದ್ದೆ, ಹಳ್ಳದ ಪೊದೆಗಳಲ್ಲಿ ಅಡಗುತ್ತದೆ. ಇನ್ನೊಂದು ಕೆಂಪುನರಿ. ಇದು ತೂಕದಲ್ಲಿ 2ರಿಂದ 3 ಕಿಲೋಗ್ರಾಂ ಮಾತ್ರ, ತೆಳುಗಾಲು, ತುದಿ ಕಪ್ಪಾದ ಉದ್ದನೆಯ ಪೊದೆಬಾಲ. ಬಯಲುಹೊಲ, ಹುಲ್ಲುಗಾವಲುಗಳಲ್ಲಿ ಹಲವು ಬಾಯಿಗಳ ಬಿಲ ತೋಡಿ ಜೋಡಿಯಾಗಿ ಬಾಳುತ್ತದೆ. ಚಳಿಗಾಲದಲ್ಲಿ ಕೂಡಿ ಸುಮಾರು 50 ದಿನಗಳ ಮೇಲೆ 2ರಿಂದ 4 ಮರಿಗಳನ್ನು ಈಯುತ್ತದೆ. ಆ ದಿನಗಳಲ್ಲಿ ಒಂದು ತಾಯಿಯನ್ನು ಹೊಡೆದರೆ ಬಿಲದೊಳಗಿನ ಮರಿಗಳೂ ಹಸಿದು ಸಾಯುತ್ತವೆ. ಈ ಎರಡೂ ಇಲಿ, ಏಡಿ, ಮಿಡತೆ, ಗೆದ್ದಲು, ಎಲಚಿಹಣ್ಣು, ಬೇವಿನಹಣ್ಣು, ಸಿಕ್ಕಿದುದನ್ನೆಲ್ಲ ತಿನ್ನುವಂಥವು. ಹೆಗ್ಗಣವು ಸುಮಾರು ಮೂರು ವಾರ ಬಸಿರಿದ್ದು ಒಂದು ಸಲಕ್ಕೆ ಆರೇಳು ಮರಿ ಹಾಕುವುದೆಂಬುದನ್ನೂ, ಆ ಮರಿಗಳು ಮೂರು ನಾಲ್ಕು ತಿಂಗಳಲ್ಲಿ ತಾವೇ ಮರಿ ಹಾಕುವುವೆಂಬುದನ್ನೂ ನೆನೆದರೆ, ರಾತ್ರಿಗೆ ಎರಡು ಮೂರು ಇಲಿ ತಿನ್ನುವ ಪ್ರಾಣಿಯ ಬೆಲೆಯನ್ನು ಒಕ್ಕಲಿಗನು ತಾನೇ ಲೆಕ್ಕ ಹಾಕಬಹುದು. ಬೆಳಗಾಗೆದ್ದು ನರಿಯ ಮುಖ ನೋಡಿದರೆ ಅದೃಷ್ಟವೆನ್ನುವ ಜನರೇ ರಾತ್ರಿ ಆ ಮುಖಕ್ಕೆ ಗುರಿಯಿಡುವುದು ವಿಚಿತ್ರವಲ್ಲವೆ?

ಆಸ್ಟ್ರೇಲಿಯ ದೇಶದಲ್ಲಿ ರೈತರು ಹೀಗೆಯೇ ದೀಪ ಹಿಡಿದು ನರಿಗಳನ್ನು ಹೊಡೆಯುತ್ತಾರಲ್ಲ ಎಂದು ಚಿತ್ರಗಳನ್ನು ನೋಡಿದ ತರುಣರು ಕೇಳುವುದುಂಟು. ಆ ದೇಶದಲ್ಲಿ ನರಿಯು ಮೂಲದಿಂದ ಇರಲಿಲ್ಲ. 19ನೆಯ ಶತಮಾನದಲ್ಲಿ ಬೇಟೆಯ ವಿನೋದಕ್ಕಾಗಿ ಯೂರೋಪಿನಿಂದ ತಂದು ಬಿಟ್ಟದ್ದು ಅಲ್ಲಿಯ ಕುರಿಮರಿಗಳಿಗೂ ಸಣ್ಣ ಪ್ರಾಣಿಗಳಿಗೂ ಮಾರಿಯಾಯಿತು. ಅಲ್ಲಿಯ ಔಷಧ ಇಲ್ಲಿಯ ರೋಗಕ್ಕೆ ಸಲ್ಲದು.

ಇನ್ನು ಬಂದೂಕಿನ ಮಾತು. ಪ್ರಖರವಾದ ಬೆಳಕನ್ನು ನೋಡಿದ ಕಣ್ಣು ಪುನಃ ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಆದುದರಿಂದ ದೀಪದ ಕೋಲಿನ ಒಳಗಿರುವುದು ಎಷ್ಟು ನಿಚ್ಚಳವೋ ಹೊರಗಿರುವುದು ಅಷ್ಟೇ ಕುರುಡು. ಪಕ್ಕದ ಹೊಲದಲ್ಲಿ ಅಟ್ಟಣೆಯ ಕೆಳಗೆ ಕಂಬಳಿ ಹೊದ್ದು ಮಲಗಿದವನು, ರಾತ್ರಿಯ ಸರದಿಗೆ ನೀರು ತಿರುಗಿಸಲು ಬದುವಿನ ಮೇಲೆ ಕುಳಿತವನು, ಇವರ ಕಣ್ಣು ಹೊಳೆಯುವುದಿಲ್ಲವೆಂದು ಮೇಲೆ ಹೇಳಿದೆ. ಕಿಡಿ ಕಾಣಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಮನುಷ್ಯನಿಲ್ಲವೆಂದು ತಿಳಿಯುವುದು ಕೊಲೆಗೆ ಸಮಾನವಾದ ಅಜಾಗರೂಕತೆ. ಕಿಡಿ ಕಂಡಾಗಲೂ ಅದು ನೆರೆಯವನ ನಾಯಿಯದೋ ಹಗ್ಗ ಬಿಚ್ಚಿಕೊಂಡ ಕರುವಿನದೋ ತಿಳಿಯದು. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಜೊತೆಗಾರನಿಗೆ. ದೀಪದವನು ಪ್ರಾಣಿಯನ್ನು ಅಡ್ಡಗಟ್ಟಲೆಂದು ಬದು ದಾಟಿ ಓಡುತ್ತಾನೆ. ಕೋವಿಯವನು ಅವನು ಇನ್ನೂ ಬೆನ್ನ ಹಿಂದೆಯೇ ಇದ್ದಾನೆಂದು ನಂಬಿ ಕುದುರೆ ಎಳೆಯುತ್ತಾನೆ. ಗೆಳೆಯನ ಹೆಣವನ್ನು ಹೊತ್ತು ಅವನ ತಾಯಿಯ ಮುಂದೆ ನಿಲ್ಲಬೇಕಾದ ಪಾಡು ಒಂದು ಚೀಲ ಕಡಲೆಕಾಯಿಗಾಗಿ ಯಾರಿಗೂ ಬೇಡ.

ಕಾನೂನೂ ಇದಕ್ಕೆ ಎಡೆ ಕೊಡುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿಯೇ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಪಾಡುವ ರೆಗ್ಯುಲೇಷನ್ ಜಾರಿಗೆ ಬಂದಿತ್ತು. ಈಗ ನಡೆಯುತ್ತಿರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. 2022ರಲ್ಲಿ ಮಾಡಿದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಗುಳ್ಳೆನರಿ, ಕೆಂಪುನರಿಗಳೆರಡೂ ಒಂದನೆಯ ಅನುಸೂಚಿಯಲ್ಲಿ ಸೇರಿವೆ. ಅವುಗಳನ್ನು ಬೇಟೆಯಾಡಿದವರಿಗೆ 3ರಿಂದ 7 ವರ್ಷಗಳ ಸೆರೆವಾಸ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅಟ್ಟುವುದು, ಉರುಳೊಡ್ಡುವುದು, ಹೊಡೆಯಲು ಯತ್ನಿಸುವುದು, ಇವೆಲ್ಲವೂ ಬೇಟೆಯೇ, ಪ್ರೇರೇಪಿಸಿದವನೂ ಅಪರಾಧಿಯೇ. ನಾನು ಬರಿಯ ದೀಪ ಹಿಡಿದಿದ್ದೆ ಎಂಬ ಉತ್ತರ ನಡೆಯದು. ನರಿಕೊಂಬೆಂದು ತಾಯಿತ ಮಾರುವವರ ಮಾತನ್ನು ನಂಬಿ ಹೊಡೆಯುವವನಂತೂ ಎರಡು ಸಲ ಮೋಸಹೋದವನು, ನರಿಗೆ ಕೊಂಬಿಲ್ಲ. ಕಾಡುಹಂದಿಯು ಎರಡನೆಯ ಅನುಸೂಚಿಯಲ್ಲಿದೆ. ಬೆಳೆದು ನಿಂತ ಪೈರಿಗೆ ಅಪಾಯವಾದಾಗ ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಅನುಮತಿ ಕೊಡಬಹುದು. ಅನುಮತಿಯಿಲ್ಲದೆ ಅದನ್ನೂ ಮುಟ್ಟಕೂಡದು. ಪೈರಿನ ರಕ್ಷಣೆಗೆಂದು ಮದ್ದು ಗಟ್ಟಿಸುವ ಕೋವಿಗೆ ಲೈಸೆನ್ಸು ಪಡೆದಿರುವುದೂ ಪ್ರಾಣಿಯನ್ನು ಕೊಲ್ಲಲು ಅನುಮತಿಯಾಗುವುದಿಲ್ಲ.

ಚಿರತೆಯ ಮಾತನ್ನು ಬಿಡುವಂತಿಲ್ಲ. 2022ರ ಕೊನೆಯ ತಿಂಗಳುಗಳಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ಬಾಯಿಗೆ ಜನ ಬಲಿಯಾದರು. ಕಬ್ಬಿನ ಗದ್ದೆಯಲ್ಲಿ ಹೊಳೆದ ಕಣ್ಣು ಅದರದೂ ಆಗಿರಬಹುದು. ಪ್ರಾಣ ಉಳಿಸಿಕೊಳ್ಳಲು ಕಾಡುಪ್ರಾಣಿಯನ್ನು ಕೊಂದರೆ ಕಾಯಿದೆಯು ಕ್ಷಮಿಸುತ್ತದೆ. ಆದರೆ ಆ ವೇಳೆಯಲ್ಲಿ ಅದೇ ಕಾಯಿದೆಗೆ ವಿರುದ್ಧವಾದ ಕೆಲಸದಲ್ಲಿ ತೊಡಗಿದ್ದವನಿಗೆ, ಎಂದರೆ ನರಿಬೇಟೆಗೆ ಹೋದವನಿಗೆ, ಆ ರಕ್ಷೆ ಇಲ್ಲ.

ಇಬ್ಬರು ಕೂಡಿ ಹೊಲ ಕಾಯುವ ಸರಿಯಾದ ಕ್ರಮ ಹೀಗೆ. ಕಡಲೆಕಾಯಿ ಬಲಿಯುವಾಗ, ಜೋಳದ ತೆನೆಯಲ್ಲಿ ಹಾಲು ತುಂಬುವಾಗ ಕಾವಲನ್ನು ಬಿಡಕೂಡದು. ಇಬ್ಬರೂ ಒಂದೇ ಅಟ್ಟಣೆಯಲ್ಲಿರತಕ್ಕದ್ದು; ಕತ್ತಲೆಯಲ್ಲಿ ಬೇರೆಬೇರೆಯಾಗಕೂಡದು. ದೀಪದ ಗಾಜಿಗೆ ಕೆಂಪು ಕಾಗದ ಸುತ್ತಿದರೆ ತಮ್ಮ ಕಣ್ಣಿಗೆ ಕತ್ತಲೆಯ ಹಿಡಿತ ತಪ್ಪುವುದಿಲ್ಲ. ಹಂದಿಯನ್ನು ಕಿಡಿಯಿಂದ ಹುಡುಕದೆ ಕಿವಿಯಿಂದ ಹುಡುಕಬೇಕು: ದಂಟು ಮುರಿಯುವ ಸದ್ದು, ಗುರುಗುಟ್ಟುವಿಕೆ. ಸದ್ದು ಕೇಳಿದೊಡನೆ ಕೆಂಪು ಕಾಗದ ತೆಗೆದು ಬೆಳಕು ಹಾಯಿಸಿ, ಇಬ್ಬರೂ ಒಟ್ಟಿಗೆ ಕೂಗಿ ತಮಟೆ ಬಡಿಯತಕ್ಕದ್ದು. ಹಿಂಡು ಓಡಿಹೋಗಲು ಒಂದು ಕಡೆ ದಾರಿ ಬಿಟ್ಟಿರಬೇಕು. ಸುತ್ತುವರಿದರೆ ಗಂಡುಹಂದಿ ಮೇಲೆ ಬೀಳುತ್ತದೆ. ಅದರ ಹಿಂದೆ ಕಬ್ಬಿನೊಳಕ್ಕೆ ನುಗ್ಗುವುದು ಬೇಡ, ಕೊಳಕುಮಂಡಲದ ಭಯವೂ ಅಲ್ಲಿದೆ. ಬೇಲಿಗೆ ಕಂಬದ ಕರೆಂಟನ್ನು ನೇರವಾಗಿ ಕೊಡುವುದು ಮನುಷ್ಯರನ್ನೂ ಆನೆಗಳನ್ನೂ ಕೊಲ್ಲುವ ಅಪರಾಧ. ಬಿಟ್ಟುಬಿಟ್ಟು ಲಘುವಾದ ಹೊಡೆತ ಕೊಡುವ ಸೌರಬೇಲಿಯನ್ನು ನೆರೆಹೊರೆಯವರು ಕೂಡಿ ಹಾಕಿಕೊಳ್ಳಬಹುದು.

ಕೋಳಿ, ಕುರಿಮರಿ, ಮೇಕೆಮರಿಗಳನ್ನು ಗುಳ್ಳೆನರಿ ಹಿಡಿಯುವುದು ನಿಜ. ಅದಕ್ಕೆ ಪರಿಹಾರ ಸಂಜೆಯೊಳಗೆ ಮರಿಗಳನ್ನು ಒಳಸೇರಿಸಿ, ಹಟ್ಟಿಯ ಸುತ್ತ ಸಂದಿಲ್ಲದಂತೆ ಮುಳ್ಳು ಒತ್ತುವುದು. ಹಗಲಿನಲ್ಲಿ ಅಂಜದೆ ಊರೊಳಕ್ಕೆ ಬರುವ, ತಡವರಿಸುತ್ತ ನಡೆಯುವ ನರಿಗೆ ಹುಚ್ಚು ಹಿಡಿದಿರಬಹುದು. ಅದು ಕಚ್ಚಿದರೆ ಗಾಯವನ್ನು ಸೋಪಿನಿಂದ ಕಾಲು ಗಂಟೆ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳತಕ್ಕದ್ದು. ಹಂದಿಯಿಂದ ಪೈರು ಹಾಳಾದವರು ಹೆಜ್ಜೆಗುರುತು ಅಳಿಯುವ ಮೊದಲೇ ಚಿತ್ರ ತೆಗೆದು, ಪಹಣಿಯ ನಕಲಿನೊಡನೆ ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಪರಿಹಾರಧನಕ್ಕೆ ಅರ್ಜಿ ಕೊಡತಕ್ಕದ್ದು.